ಕೋರ್ಟಿನ ನಕಲು ಮತ್ತು ರಯತನ ಕಿಸೆ

ನ್ಯಾಯಾಧೀಶರು ಪೀಠದ ಮೇಲೆ ಕುಳಿತು ತೀರ್ಪನ್ನು ಓದಿ ಹೇಳಿದ ಮಾತ್ರದಿಂದ ಖಟ್ಲೆಯು ಮುಗಿದಂತಾಗುವದಿಲ್ಲ. ಆ ತೀರ್ಪಿನ ನಕಲು ಪಕ್ಷಗಾರನ ಕೈಗೆ ಬಂದ ಮೇಲೆಯೇ ತಾನು ಗೆದ್ದದ್ದೆಷ್ಟು, ಸೋತದ್ದೆಷ್ಟು, ಯಾವ ಸಾಕ್ಷಿಯ ಯಾವ ಮಾತಿನಿಂದ ತನ್ನ ಹೊಲದ ಬದುವು ಎತ್ತ ಸರಿಯಿತು ಎಂಬದು ಅವನಿಗೆ ತಿಳಿಯುವದು. ಗೆದ್ದವನು ದರಖಾಸ್ತು ಹಾಕಿ ಡಿಕ್ರಿಯನ್ನು ಜಾರಿಗೆ ತರಬೇಕಾದರೂ ನಕಲು ಬೇಕು. ಸೋತವನು ಅಪೀಲು ಮಾಡಬೇಕಾದರೂ ನಕಲು ಬೇಕು. ಉತಾರದಲ್ಲಿ ಹೆಸರು ಬದಲಾಗಬೇಕಾದರೂ, ಬ್ಯಾಂಕಿನಲ್ಲಿ ಸಾಲ ಕೇಳಬೇಕಾದರೂ ಮುದ್ರೆ ಬಿದ್ದ ನಕಲೇ ಬೇಕು. ಹೀಗಿರುವಾಗ ಆ ನಕಲಿಗೆ ಎಷ್ಟು ಹಣ ಕೇಳಬೇಕು, ಯಾರು ಕೇಳಬೇಕು, ಯಾವ ಕಾಯದೆಯ ಆಧಾರದ ಮೇಲೆ ಕೇಳಬೇಕು ಎಂಬ ಪ್ರಶ್ನೆಯನ್ನು ಕಾರಕೂನರ ಮೇಜಿನ ಕ್ಷುಲ್ಲಕ ಲೆಕ್ಕವೆಂದು ತಳ್ಳಿಹಾಕತಕ್ಕದ್ದಲ್ಲ. ಪಕ್ಷಗಾರನಿಗೆ ಕೊಡುವ ಮೊದಲನೆಯ ನಕಲು ತೀರ್ಪಿನದೇ ಒಂದು ಭಾಗವೆಂದೂ, ಅದಕ್ಕೆ ಬೆಲೆ ಕಟ್ಟುವ ಹಕ್ಕು ಸರಕಾರಕ್ಕಿಲ್ಲವೆಂದೂ ನಮ್ಮ ಸ್ಪಷ್ಟವಾದ ಅಭಿಪ್ರಾಯವಾಗಿರುತ್ತದೆ.

ಇಟಗಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇಟಗಿ ಎಂದೊಡನೆ ದೂರದ ವಾಚಕರಿಗೆ ಕುಕನೂರಿನ ಬಳಿಯ ಇಟಗಿಯೂ, ೧೧೧೨ರಲ್ಲಿ ಮಹಾದೇವ ದಂಡನಾಯಕನು ಅಲ್ಲಿ ಕಟ್ಟಿಸಿದ ದೇವಾಲಯವೂ ನೆನಪಿಗೆ ಬರುವವು. ನಾವು ಹೇಳುತ್ತಿರುವದು ಅದನ್ನಲ್ಲ. ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಗೆ ಸೇರಿದ, ಭೀಮಾಂಬಿಕೆಯ ಸ್ಥಾನವೆಂದು ಪ್ರಸಿದ್ಧವಾದ ಇಟಗಿಯನ್ನು. ಎರೆಯ ಭೂಮಿ, ಜೋಳ, ಹತ್ತಿ, ಕಡಲೆಗಳ ಒಕ್ಕಲುತನ; ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಸಾಲ. ಇಂಥ ಊರುಗಳಿಂದ ಕೋರ್ಟಿನ ಮೆಟ್ಟಲು ಹತ್ತುವ ಖಟ್ಲೆಗಳು ಯಾವವು? ಬದುವಿನ ವ್ಯಾಜ್ಯ, ಅಣ್ಣತಮ್ಮಂದಿರ ಹಿಸ್ಸೆ, ಗಂಡನು ತೀರಿದ ಮೇಲೆ ಸೊಸೆಗೆ ಸಲ್ಲಬೇಕಾದ ಪೋಟಗಿ, ಕೈಗಡದ ಕಾಗದ. ಲಕ್ಷಾಧೀಶರ ಖಟ್ಲೆಗಳು ಇವಲ್ಲ. ಹತ್ತು ಹಾಳೆಯ ನಕಲಿಗೆ ಬೀಳುವ ಖರ್ಚು ಪಟ್ಟಣದ ವಕೀಲರಿಗೆ ಖರ್ಚೆಂದೇ ಅನಿಸಲಿಕ್ಕಿಲ್ಲ. ಕೂಲಿಯ ದಿನವನ್ನು ಕಳೆದುಕೊಂಡು ಬಸ್ಸಿನ ಚಾರ್ಜು ಕೊಟ್ಟು ಬಂದವನಿಗೆ ಅದು ಮನೆಯ ಒಂದು ವಾರದ ಸಂತೆಯ ಹಣ.

ಇಟಗಿಯ ಒಬ್ಬ ರಯತನು ರೋಣದ ದಿವಾಣಿ ಕೋರ್ಟಿನಲ್ಲಿ ಹಿಸ್ಸೆಯ ಖಟ್ಲೆಯನ್ನು ಸೋತನೆಂದು ಇಟ್ಟುಕೊಳ್ಳಿರಿ. ಜಿಲ್ಹಾ ಕೋರ್ಟಿಗೆ ಅಪೀಲು ಮಾಡಲು ೧೯೬೩ರ ಮುದ್ದತು ಕಾಯದೆಯು ಅವನಿಗೆ ಕೊಟ್ಟದ್ದು ೩೦ ದಿನ. ಹೈಕೋರ್ಟಿಗಾದರೆ ೯೦ ದಿನ. ನಕಲು ಸಿದ್ಧವಾಗಲು ಹಿಡಿದ ಕಾಲವನ್ನು ಈ ಮುದ್ದತಿನಲ್ಲಿ ಎಣಿಸಕೂಡದೆಂದು ಅದೇ ಕಾಯದೆಯ ೧೨ನೆಯ ಕಲಮು ಹೇಳುತ್ತದೆ. ಇದು ಒಳ್ಳೆಯ ಮಾತೇ. ಆದರೆ ಅದರ ಕೆಳಗೆ ಒಂದು ಸಣ್ಣ ವಿವರಣೆಯಿದೆ. ಅದನ್ನು ಹಳ್ಳಿಯವನಿಗೆ ಯಾರೂ ಓದಿ ಹೇಳುವದಿಲ್ಲ. ನಕಲಿಗೆ ಅರ್ಜಿ ಕೊಡುವದಕ್ಕಿಂತ ಮುಂಚೆ ಕೋರ್ಟು ಡಿಕ್ರಿಯನ್ನು ಬರೆಯಲು ತೆಗೆದುಕೊಂಡ ದಿನಗಳು ರಿಯಾಯತಿಯಲ್ಲಿ ಸೇರುವದಿಲ್ಲ. ಅಂದರೆ, “ಡಿಕ್ರಿ ಇನ್ನೂ ಆಗಿಲ್ಲ, ಆದ ಮೇಲೆ ಬಂದು ಅರ್ಜಿ ಕೊಡು” ಎಂಬ ಮಾತನ್ನು ನಂಬಿ ಊರಿಗೆ ಹಿಂದಿರುಗಿದವನ ದಿನಗಳು ಓಡುತ್ತಲೇ ಇರುತ್ತವೆ. ಫೀಗೆ ಹಣವಿಲ್ಲವೆಂದು ಸಂತೆಯಲ್ಲಿ ಜೋಳ ಮಾರಿ ಬರಲು ಹೋದವನ ದಿನಗಳೂ ಓಡುತ್ತವೆ. ಕೋರ್ಟಿನ ತಡಕ್ಕೆ ಕಾಯದೆಯು ಕ್ಷಮೆಯನ್ನು ಕೊಟ್ಟಿದೆ. ಬಡತನದ ತಡಕ್ಕೆ ಬೇರೆ ಅರ್ಜಿ, ಬೇರೆ ವಕೀಲ, ಬೇರೆ ವಾದ ಬೇಕಾಗುತ್ತವೆ.

ಇನ್ನು ಆ ಹಣದ ಸ್ವರೂಪವನ್ನು ನೋಡೋಣ. ನಕಲಿನ ಮೇಲೆ ಬೀಳುವ ಹಣದಲ್ಲಿ ಮೂಲತಃ ಎರಡು ಬೇರೆ ಬೇರೆ ಪದಾರ್ಥಗಳು ಕೂಡಿರುತ್ತವೆ. ಒಂದು, ಬರೆದವನ, ತಾಳೆ ನೋಡಿದವನ ದುಡಿಮೆಗೆ ಮತ್ತು ಕಾಗದಕ್ಕೆ ಸಲ್ಲುವದು. ಇನ್ನೊಂದು, ಸ್ಟಾಂಪಿನ ರೂಪದಲ್ಲಿ ಸರಕಾರದ ಬೊಕ್ಕಸಕ್ಕೆ ಸಲ್ಲುವದು. ೧೮೭೦ರ ಕೋರ್ಟು ಫೀ ಕಾಯದೆಯ ಮೂಲ ಯಾದಿಯನ್ನು ತೆಗೆದು ನೋಡಿದರೆ ಈ ಎರಡನೆಯದರ ಬಣ್ಣ ತಿಳಿಯುತ್ತದೆ. ಸಣ್ಣ ದಿವಾಣಿ ಖಟ್ಲೆಯ ತೀರ್ಪಿನ ನಕಲಿಗೆ ನಾಲ್ಕಾಣೆ, ೫೦ ರೂಪಾಯಿಗೆ ಮೀರಿದ್ದಕ್ಕೆ ಎಂಟಾಣೆ. ಡಿಕ್ರಿಯ ನಕಲಿಗೆ ಎಂಟಾಣೆ ಇಲ್ಲವೆ ಒಂದು ರೂಪಾಯಿ. ಹೈಕೋರ್ಟಿನ ಡಿಕ್ರಿಗೆ ನಾಲ್ಕು ರೂಪಾಯಿ. ಬೇರೆ ಕಾಗದಪತ್ರಗಳಿಗೆ ಪ್ರತಿ ೩೬೦ ಶಬ್ದಗಳಿಗೆ ಎಂಟಾಣೆ. ೩೬೧ನೆಯ ಶಬ್ದ ಬಿದ್ದರೆ ಮತ್ತೆ ಎಂಟಾಣೆ. ಬರೆದ ಕಾರಕೂನನಿಗೆ ಇದರಲ್ಲಿ ಒಂದು ಕಾಸೂ ಸಲ್ಲುತ್ತಿರಲಿಲ್ಲ. ತನ್ನ ಖಟ್ಲೆಯಲ್ಲಿ ಏನಾಯಿತೆಂದು ತಿಳಿದುಕೊಳ್ಳುವದರ ಮೇಲೆಯೇ ಹಾಕಿದ ಕರವಿದು. ಉಪ್ಪಿನ ಮೇಲಿನ ಕರವನ್ನು ಕುರಿತು ನಾಡೆಲ್ಲ ಕೂಗೆದ್ದಿತು. ತೀರ್ಪಿನ ಮೇಲಿನ ಕರವನ್ನು ಕುರಿತು ಯಾರೂ ಕೂಗಲಿಲ್ಲ, ಏಕೆಂದರೆ ಅದನ್ನು ಕೊಡುವವನು ಆ ಹೊತ್ತಿಗೆ ಒಬ್ಬಂಟಿಗನಾಗಿರುತ್ತಾನೆ.

ಇಲ್ಲಿಯೇ ಒಂದು ವಿನೋದದ ಮಾತು. ಶಬ್ದಗಳನ್ನೆಣಿಸಿ ಫೀ ಹಾಕುವ ಕ್ರಮವನ್ನು ಇಂಗ್ಲೀಷರು ತಮ್ಮ ದೇಶದಿಂದ ತಂದರು. ಅಲ್ಲಿ ಸಾಮಾನ್ಯ ಕೋರ್ಟುಗಳಲ್ಲಿ ೭೨ ಶಬ್ದಗಳಿಗೆ ಒಂದು ಫೋಲಿಯೊ, ಚಾನ್ಸರಿ ಕೋರ್ಟಿನಲ್ಲಿ ೯೦ಕ್ಕೆ ಒಂದು. ಇಂಗ್ಲೀಷಿನಲ್ಲಿ ಆರು ಶಬ್ದಗಳನ್ನು ಬಿಡಿಬಿಡಿಯಾಗಿ ಬರೆದು ಹೇಳುವದನ್ನು ಕನ್ನಡಿಗನು “ತಂದೆಯ ಮನೆಯಲ್ಲಿ” ಎಂದು ಎರಡೇ ಶಬ್ದಗಳಲ್ಲಿ ಮುಗಿಸುತ್ತಾನೆ. ಆ ಲೆಕ್ಕದಿಂದ ತೀರ್ಪುಗಳನ್ನು ಕನ್ನಡದಲ್ಲಿಯೇ ಬರೆದಿದ್ದರೆ ನಮ್ಮ ರಯತರಿಗೆ ಎಷ್ಟೋ ಎಂಟಾಣೆಗಳು ಉಳಿಯುತ್ತಿದ್ದವು! ಭಾಷೆಯ ಪ್ರಶ್ನೆಗೆ ಮುಂದೆ ಬರುವೆವು.

ಈ ಎರಡು ಹಣಗಳ ಬೆನ್ನಿಗೆ ಮೂರನೆಯದೊಂದು ಇದೆ. ಅದಕ್ಕೆ ಯಾದಿಯಿಲ್ಲ, ಪಾವತಿಯಿಲ್ಲ. ಚಹಾಪಾನಿ ಎನ್ನುತ್ತಾರೆ, ಖುಷಿ ಎನ್ನುತ್ತಾರೆ. ಯಾವ ಒಂದು ಕಚೇರಿಯ ಮೇಲಾಗಲಿ ಯಾವ ಒಬ್ಬ ನೌಕರನ ಮೇಲಾಗಲಿ ಬೆರಳು ಮಾಡುವದು ನಮ್ಮ ಉದ್ದೇಶವಲ್ಲ. ಎಷ್ಟೋ ನಕಲುಗಾರರು ಬೆಳಗಿನಿಂದ ಸಂಜೆಯವರೆಗೆ ಕಣ್ಣು ಕೆಡಿಸಿಕೊಂಡು ಪ್ರಾಮಾಣಿಕವಾಗಿ ದುಡಿಯುವದನ್ನು ನಾವು ಬಲ್ಲೆವು. ಅವರ ಹೊಟ್ಟೆಯ ಮೇಲೆ ಹೊಡೆಯಬೇಕೆಂದು ನಾವು ಹೇಳುವವರೂ ಅಲ್ಲ. ನಾವು ಹೇಳುವದಿಷ್ಟೆ: ಅಧಿಕೃತ ದರವು ಯಾರಿಗೂ ಕಾಣದ ಇಂಗ್ಲೀಷು ನಿಯಮಾವಳಿಯ ಪುಟದಲ್ಲಿ ಅಡಗಿರುವವರೆಗೆ, ಎಷ್ಟು ದಿನಗಳೊಳಗೆ ನಕಲು ಕೊಡಬೇಕೆಂಬದು ಗೋಡೆಯ ಮೇಲೆ ಬರೆದಿಲ್ಲದಿರುವವರೆಗೆ ಮೂರನೆಯ ಹಣಕ್ಕೆ ಎಡೆ ಇದ್ದೇ ಇರುವದು. ಕತ್ತಲೆಯಲ್ಲಿ ಬೆಲೆ ಕೇಳಿದವನಿಗೆ ಒಂದೇ ಬೆಲೆಯನ್ನು ಯಾರು ಹೇಳುವರು?

ಇದು ಬರಿಯ ಊಹೆಯ ಮಾತಲ್ಲ. ನಮ್ಮ ನಾಡಿನಲ್ಲಿಯೇ ಅನುಭವಕ್ಕೆ ಬಂದ ಸಂಗತಿ. ಪಹಣಿಯ ಉತಾರವನ್ನು ಹಿಂದೆ ಗ್ರಾಮಲೆಕ್ಕಿಗರೇ ಕೈಯಿಂದ ಬರೆದು ಕೊಡುತ್ತಿದ್ದರು. ರಾಜ್ಯದಲ್ಲಿ ಅವರ ಸಂಖ್ಯೆ ಸುಮಾರು ೯,೦೦೦ ಇತ್ತು. ದಫ್ತರವು ಅವರ ವಶದಲ್ಲಿ, ಬರೆಯುವ ದಿನವೂ ಅವರ ವಶದಲ್ಲಿ. ೨೦೦೨ರ ಹೊತ್ತಿಗೆ ‘ಭೂಮಿ’ ಯೋಜನೆಯಿಂದ ಸುಮಾರು ೬೭ ಲಕ್ಷ ಹಿಡುವಳಿದಾರರ ೨ ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ತಾಲೂಕಿನ ಕಚೇರಿಯಲ್ಲಿ ೧೫ ರೂಪಾಯಿ ಕೊಟ್ಟವನಿಗೆ ನಿಂತಲ್ಲಿಯೇ ಅಚ್ಚಾದ ಉತಾರ ದೊರೆಯತೊಡಗಿತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆಯು ಆಗ ರೈತರನ್ನು ಕೇಳಿ ನೋಡಿತು. ಹಳೆಯ ಪದ್ಧತಿಯಲ್ಲಿ ಮೂವರಲ್ಲಿ ಇಬ್ಬರು ಲಂಚ ಕೊಟ್ಟಿದ್ದರು. ಹೊಸ ಪದ್ಧತಿಯಲ್ಲಿ ಕೊಟ್ಟವರು ನೂರಕ್ಕೆ ಮೂವರು. ಗಮನಿಸಬೇಕಾದದ್ದೆಂದರೆ, ೧೫ ರೂಪಾಯಿಯು ಆ ಕಾಲಕ್ಕೆ ತೀರ ಅಗ್ಗದ ದರವೇನೂ ಆಗಿರಲಿಲ್ಲ. ರೈತನು ಗೊಣಗಲಿಲ್ಲವೇಕೆಂದರೆ ಕೊಡಬೇಕಾದದ್ದು ಅಷ್ಟೇ ಎಂಬದು ಅವನಿಗೆ ಗೊತ್ತಿತ್ತು. ಹಳ್ಳಿಯಲ್ಲಿ ಸಿಗುತ್ತಿದ್ದ ಉತಾರಕ್ಕಾಗಿ ತಾಲೂಕಿನ ಊರಿಗೆ ಅಲೆಯಬೇಕಾಯಿತೆಂಬ ದೂರು ಮಾತ್ರ ನ್ಯಾಯವಾದದ್ದೇ. ಅದನ್ನು ನಾಡಕಚೇರಿಗಳ ಮೂಲಕ ಮುಂದೆ ಸ್ವಲ್ಪಮಟ್ಟಿಗೆ ನೀಗಿಸಿದರು. ಹೊಲದ ಉತಾರಕ್ಕೆ ಸಾಧ್ಯವಾದದ್ದು ಅದೇ ಹೊಲದ ತೀರ್ಪಿಗೆ ಏಕೆ ಸಾಧ್ಯವಾಗಬಾರದು?

ಕಾಯದೆಯು ನಕಲಿನ ವಿಷಯದಲ್ಲಿ ಮೌನವಾಗಿದೆಯೆಂದಲ್ಲ. ಸಾರ್ವಜನಿಕ ದಸ್ತಾವೇಜನ್ನು ನೋಡುವ ಹಕ್ಕುಳ್ಳವನು ಕೇಳಿದರೆ, ವಿಧಿತ ಫೀಯನ್ನು ತೆಗೆದುಕೊಂಡು ಅಧಿಕಾರಿಯು ನಕಲು ಕೊಡಲೇಬೇಕೆಂದು ೧೮೭೨ರ ಸಾಕ್ಷ್ಯ ಕಾಯದೆಯ ೭೬ನೆಯ ಕಲಮು ವಿಧಿಸಿತ್ತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಅದೇ ಮಾತು ೭೫ನೆಯ ಕಲಮಾಗಿ ಉಳಿದಿದೆ. ತೀರ್ಪಿನ ಪ್ರತಿಗಳನ್ನು ತೀರ್ಪು ಹೇಳಿದೊಡನೆಯೇ ಪಕ್ಷಗಾರರಿಗೆ ದೊರಕಿಸಬೇಕೆಂದು ದಿವಾಣಿ ಸಂಹಿತೆಯ ೨೦ನೆಯ ಆರ್ಡರಿನ ೬-ಬಿ ನಿಯಮವು ಹೇಳುತ್ತದೆ; ಅದರ ಹಣ ಎಷ್ಟೆಂಬದನ್ನು ಹೈಕೋರ್ಟಿನ ನಿಯಮಗಳಿಗೆ ಬಿಟ್ಟಿದೆ. ಫೌಜದಾರಿ ಖಟ್ಲೆಗಳಲ್ಲಿ ಕಾಯದೆಯ ಮನಸ್ಸು ಇನ್ನೂ ಉದಾರವಾದದ್ದು. ಫಿರ್ಯಾದಿ ಕೊಟ್ಟವನಿಗೆ ಪೋಲೀಸರ ಮೊದಲ ವರದಿಯ ಪ್ರತಿ ಪುಕ್ಕಟೆ; ಆರೋಪಿಗೆ ದೋಷಾರೋಪದ ಕಾಗದಪತ್ರಗಳು ಪುಕ್ಕಟೆ; ಕಾರಾಗೃಹದ ಶಿಕ್ಷೆ ಬಿದ್ದವನಿಗೆ ತೀರ್ಪಿನ ಪ್ರತಿ ಪುಕ್ಕಟೆ ಮತ್ತು ಕೂಡಲೆ.

ಈ ಕೊನೆಯ ಹಕ್ಕು ಬರಿಯ ಕಾಗದದ ಮೇಲೆ ಉಳಿದರೆ ಏನಾಗುವದೆಂಬದಕ್ಕೆ ೧೯೭೮ರಲ್ಲಿ ಸುಪ್ರೀಮ ಕೋರ್ಟಿನ ಮುಂದೆ ಬಂದ ಹೊಸ್ಕೋಟ ಖಟ್ಲೆಯು ಸಾಕ್ಷಿಯಾಗಿದೆ. ಆ ಖಟ್ಲೆಗೂ ನಮ್ಮ ಧಾರವಾಡಕ್ಕೂ ಒಂದು ವಿಚಿತ್ರವಾದ ನಂಟು: ಕರ್ನಾಟಕ ವಿಶ್ವವಿದ್ಯಾಲಯದ ಖೊಟ್ಟಿ ಮುದ್ರೆಯನ್ನು ಮುಂಬಯಿಯಲ್ಲಿ ಮಾಡಿಸಲು ಯತ್ನಿಸಿದ್ದು ಅದರಲ್ಲಿಯ ಆರೋಪವಾಗಿತ್ತು. ಅಪರಾಧದ ಬಗ್ಗೆ ಕೋರ್ಟು ಕನಿಕರ ತೋರಿಸಲಿಲ್ಲ, ತೋರಿಸಬೇಕಾಗಿಯೂ ಇರಲಿಲ್ಲ. ಆದರೆ ೧೯೭೩ರ ಹೈಕೋರ್ಟು ತೀರ್ಪಿನ ನಕಲು ವರ್ಷಗಟ್ಟಲೆ ತನಗೆ ತಲುಪಲೇ ಇಲ್ಲವೆಂದು ಕೈದಿಯು ಹೇಳಿದನು. ಸೆರೆಮನೆಗೆ ಕಳಿಸಿದ್ದಾಗಿತ್ತೆಂದು ಸರಕಾರದವರು ಹೇಳಿದರು. ಮುಟ್ಟಿದ್ದಕ್ಕೆ ಕೈದಿಯ ಸಹಿ ಮಾತ್ರ ಎಲ್ಲಿಯೂ ಇರಲಿಲ್ಲ. ಅಪೀಲಿನ ಹಕ್ಕನ್ನು ಕೊಟ್ಟು ನಕಲನ್ನು ಕೊಡದಿರುವದು ಹಕ್ಕನ್ನೇ ಕಸಿದಂತೆಂದು ಮನಗಂಡ ನ್ಯಾಯಮೂರ್ತಿ ಕೃಷ್ಣ ಅಯ್ಯರರು, ಕೈದಿಗೆ ತೀರ್ಪಿನ ಪ್ರತಿಯನ್ನು ಪುಕ್ಕಟೆಯಾಗಿ, ವೇಳೆಗೆ ಸರಿಯಾಗಿ, ಸಹಿ ಪಡೆದು ಮುಟ್ಟಿಸಬೇಕೆಂದು ವಿಧಿಸಿದರು. ಸೆರೆಯಲ್ಲಿದ್ದವನ ವಿಷಯದಲ್ಲಿ ನಿಜವಾದ ಈ ನ್ಯಾಯವು ಹೊಲವನ್ನು ಕಳೆದುಕೊಂಡು ಹೊರಗೆ ನಿಂತವನ ವಿಷಯದಲ್ಲಿ ಸುಳ್ಳಾಗುವದು ಹೇಗೆ?

ಸಮುದ್ರದಾಚೆಗೂ ಇದೇ ಜಗಳ ನಡೆದಿದೆ. ಅಮೇರಿಕದ ಕೋರ್ಟುಗಳಲ್ಲಿ ಸಾಕ್ಷಿಗಳ ಜಬಾನಿಯನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ವರದಿಗಾರರಿರುತ್ತಾರೆ. ೧೯೪೪ರ ಕಾಯದೆಯ ಪ್ರಕಾರ ಅಲ್ಲಿಯ ಕೇಂದ್ರ ಕೋರ್ಟುಗಳ ವರದಿಗಾರನಿಗೆ ಸಂಬಳವೂ ಉಂಟು. ಬೇಡಿದವರಿಗೆ ಜಬಾನಿಯ ಪ್ರತಿಯನ್ನು ತೆಗೆದುಕೊಟ್ಟು ಪುಟಕ್ಕಿಷ್ಟೆಂದು ಫೀ ಪಡೆಯುವ ಅಧಿಕಾರವೂ ಉಂಟು. ಆದರೆ ಆ ಫೀಯ ಮೇಲ್ಮಿತಿಯನ್ನು ಅವನು ತಾನೇ ಗೊತ್ತುಮಾಡುವಂತಿಲ್ಲ. ನ್ಯಾಯಾಧೀಶರ ಮಂಡಲವು ಗೊತ್ತುಮಾಡುತ್ತದೆ. ಆ ದೇಶದ ಸುಪ್ರೀಮ ಕೋರ್ಟು ೧೯೫೬ರಲ್ಲಿ, ಅಂದರೆ ನಮ್ಮ ನಾಡು ಒಂದಾದ ವರ್ಷದಲ್ಲಿಯೇ, ಇಲಿನಾಯ್ ಸಂಸ್ಥಾನದ ಗ್ರಿಫಿನ್ ಖಟ್ಲೆಯಲ್ಲಿ ಒಂದು ದೊಡ್ಡ ಮಾತನ್ನು ಎತ್ತಿಹಿಡಿಯಿತು: ಜಬಾನಿಯ ಪ್ರತಿಯನ್ನು ಕೊಳ್ಳಲು ಹಣವಿಲ್ಲವೆಂಬ ಕಾರಣದಿಂದ ಬಡ ಆರೋಪಿಯ ಅಪೀಲು ಮುಚ್ಚಿಹೋಗಕೂಡದು. ನಮ್ಮಲ್ಲಿ ಜಬಾನಿಯು ಕೋರ್ಟಿನದೇ ದಫ್ತರವಾಗಿರುವದರಿಂದ ವರದಿಗಾರನ ಖಾಸಗಿ ಹಿತಸಂಬಂಧವು ನಡುವೆ ಬರುವದಿಲ್ಲ. ಅದರಿಂದ ನಮ್ಮ ಕೆಲಸವು ಅವರಿಗಿಂತ ಸುಲಭವಾಗಬೇಕಾಗಿತ್ತು.

ಸುಲಭವಾಗಿದೆ ಕೂಡ, ಆದರೆ ಯಾರಿಗೆ? ೨೦೧೫ರಲ್ಲಿ ವಾಣಿಜ್ಯ ಕೋರ್ಟುಗಳ ಕಾಯದೆ ಬಂದಾಗ ದೊಡ್ಡ ವ್ಯಾಪಾರಸ್ಥರ ಖಟ್ಲೆಗಳಲ್ಲಿ ತೀರ್ಪಿನ ಪ್ರತಿಯನ್ನು ಎಲ್ಲ ಪಕ್ಷಗಾರರಿಗೂ ವಿದ್ಯುನ್ಮಾನ ಟಪಾಲಿನಿಂದಾಗಲಿ ಬೇರೆ ರೀತಿಯಿಂದಾಗಲಿ ಕೊಡತಕ್ಕದ್ದೆಂದು ದಿವಾಣಿ ಸಂಹಿತೆಯನ್ನು ತಿದ್ದಿದರು. ಮೊದಲು ೧ ಕೋಟಿ ರೂಪಾಯಿಗೆ ಕಡಿಮೆಯಲ್ಲದ ವ್ಯವಹಾರಗಳಿಗೆ ಮಾತ್ರ ಈ ಕಾಯದೆ ಸಲ್ಲುತ್ತಿತ್ತು. ೨೦೧೮ರಲ್ಲಿ ಅದನ್ನು ೩ ಲಕ್ಷಕ್ಕೆ ಇಳಿಸಿದರು. ಕೋಟಿಯ ಕರಾರಿನವನಿಗೆ ತೀರ್ಪು ತಾನಾಗಿಯೇ ಮನೆಗೆ ಹೋಗಬೇಕು. ಎರಡೆಕರೆಯ ಹಿಸ್ಸೆಯವನು ಅರ್ಜಿ ಬರೆದು, ಸ್ಟಾಂಪು ಹಚ್ಚಿ, ಕಟ್ಟೆಯ ಮೇಲೆ ಕುಳಿತು ಕಾಯಬೇಕು. ಒಂದೇ ಸಂಹಿತೆಯಲ್ಲಿ ಎರಡು ಬಗೆಯ ಪಕ್ಷಗಾರರಿಗೆ ಎರಡು ಬಾಗಿಲುಗಳನ್ನಿಟ್ಟದ್ದು ಯಾವ ನ್ಯಾಯ? ಅನಾನುಕೂಲವೇ ಅಡ್ಡಿಯೆಂದು ಹೇಳುವ ಹಾಗೂ ಇಲ್ಲ. ೨೦೨೩ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರವು ಇ-ಕೋರ್ಟು ಯೋಜನೆಯ ಮೂರನೆಯ ಹಂತಕ್ಕೆ ೭,೨೧೦ ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಅದರಲ್ಲಿ ೨,೦೩೮ ಕೋಟಿಗೂ ಹೆಚ್ಚು ಹಣ ಕೋರ್ಟುಗಳ ದಫ್ತರವನ್ನು ಚಿತ್ರರೂಪದಲ್ಲಿ ಗಣಕಯಂತ್ರಕ್ಕೆ ಏರಿಸಿ ಕಾಪಾಡುವದಕ್ಕಾಗಿಯೇ ಇದೆ. ಇದು ಜನರ ಹಣ. ದಫ್ತರವನ್ನು ಏರಿಸುವಾಗ ಒಮ್ಮೆ ಕೊಟ್ಟ ಜನರಿಂದ ಅದನ್ನು ಇಳಿಸುವಾಗ ಹಾಳೆಗಿಷ್ಟೆಂದು ಮತ್ತೊಮ್ಮೆ ಕೇಳುವದು ಸಲ್ಲದು. ನೀರು ಹೊಲಕ್ಕೆ ಹರಿಯುವ ಮೊದಲೇ ನೀರಿನ ಹೆಸರಿನಲ್ಲಿ ಕರ ಕೇಳಿದ್ದಕ್ಕೆ ೧೯೮೦ರಲ್ಲಿ ನರಗುಂದ ನವಲಗುಂದಗಳಲ್ಲಿ ಏನು ನಡೆಯಿತೆಂಬದು ಈ ಸೀಮೆಯ ಓದುಗರಿಗೆ ನಾವು ನೆನಪು ಮಾಡಿಕೊಡಬೇಕಾಗಿಲ್ಲ.

ಮಾಹಿತಿ ಹಕ್ಕಿನ ಕಾಯದೆಯಿದೆಯಲ್ಲ, ಪುಟಕ್ಕೆ ೨ ರೂಪಾಯಿಯಂತೆ ತೆಗೆದುಕೊಳ್ಳಬಹುದಲ್ಲ ಎಂದು ಕೆಲ ಮಿತ್ರರು ಕೇಳುವರು. ಆ ದಾರಿಯು ಕೋರ್ಟಿನ ಬಾಗಿಲಲ್ಲಿ ನಿಂತುಬಿಡುತ್ತದೆ. ಖಟ್ಲೆಯ ಕಾಗದಗಳ ನಕಲನ್ನು ಕೋರ್ಟಿನ ಸ್ವಂತ ನಿಯಮಗಳಿಂದಲೇ ಪಡೆಯಬೇಕು, ಮಾಹಿತಿ ಹಕ್ಕಿನಿಂದಲ್ಲವೆಂದು ೨೦೨೦ರ ಮಾರ್ಚಿನಲ್ಲಿ ಗುಜರಾತ ಹೈಕೋರ್ಟಿಗೆ ಸಂಬಂಧಿಸಿದ ಖಟ್ಲೆಯಲ್ಲಿ ಸುಪ್ರೀಮ ಕೋರ್ಟು ಹೇಳಿತು. ಅದಕ್ಕಿಂತ ಎರಡು ವರ್ಷ ಮೊದಲು, ೨೦೧೮ರಲ್ಲಿ, ಅದೇ ಕೋರ್ಟು ಮಾಹಿತಿಯ ಅರ್ಜಿಗೆ ೫೦ ರೂಪಾಯಿಗಿಂತಲೂ ಪುಟಕ್ಕೆ ಸಾಮಾನ್ಯವಾಗಿ ೫ ರೂಪಾಯಿಗಿಂತಲೂ ಹೆಚ್ಚು ಕೇಳಕೂಡದೆಂದು ಹೈಕೋರ್ಟುಗಳಿಗೆ ಕಟ್ಟು ಹಾಕಿತ್ತು. ಫೀಯು ಹಕ್ಕಿಗೆ ಅಡ್ಡಗೋಡೆಯಾಗಬಾರದೆಂಬ ತತ್ವವನ್ನು ಮಾಹಿತಿಯ ಅರ್ಜಿಗೆ ಒಪ್ಪಿದ ಮೇಲೆ ಸ್ವಂತ ಖಟ್ಲೆಯ ನಕಲಿಗೆ ಒಪ್ಪದಿರುವದಕ್ಕೆ ಕಾರಣವು ನಮಗಂತೂ ಕಾಣುವದಿಲ್ಲ.

ಸರಕಾರದ ಪಕ್ಷದವರು ಒಂದು ಮಾತನ್ನು ಹೇಳುವರು. ಅದು ತೀರ ತಳ್ಳಿಹಾಕುವಂಥದ್ದಲ್ಲ. ಎಲ್ಲವನ್ನೂ ಪುಕ್ಕಟೆ ಮಾಡಿದರೆ ಖಟ್ಲೆಗಾರಿಕೆಯನ್ನೇ ಉದ್ಯೋಗ ಮಾಡಿಕೊಂಡವರು ಒಂದೇ ಕಾಗದದ ಹತ್ತು ನಕಲುಗಳನ್ನು ಕೇಳಿ ಕಾರಕೂನರ ಜೀವ ತಿನ್ನುವರು ಎಂಬದು ಅವರ ಆಕ್ಷೇಪಣೆ. ಒಪ್ಪಿದೆವು. ಹಾಗಾದರೆ ಪಕ್ಷಗಾರನಿಗೆ ತೀರ್ಪಿನ ಮತ್ತು ಡಿಕ್ರಿಯ ಮೊದಲನೆಯ ನಕಲನ್ನು ಅರ್ಜಿಯಿಲ್ಲದೆ, ಸ್ಟಾಂಪಿಲ್ಲದೆ ಕೊಡಿರಿ. ಎರಡನೆಯದಕ್ಕೂ, ಸಂಬಂಧವಿಲ್ಲದ ಮೂರನೆಯವರು ಕೇಳುವದಕ್ಕೂ ಕಾಗದ ಮತ್ತು ದುಡಿಮೆಯ ನಿಜವಾದ ಖರ್ಚನ್ನು ತೆಗೆದುಕೊಳ್ಳಿರಿ. ಸಾಕ್ಷಿಗಳ ಜಬಾನಿಗೆ ಹಾಳೆಗಳು ಬಹಳ ಬೀಳುವದರಿಂದ ಅದಕ್ಕೆ ದರವಿರಲಿ, ಆದರೆ ಒಂದೇ ದರವಿರಲಿ. ಅಪೀಲಿನಲ್ಲಿ ಗೆದ್ದವನಿಗೆ ನಕಲಿನ ಖರ್ಚು ಎದುರು ಪಕ್ಷದಿಂದ ಬರುವದುಂಟೆಂಬ ಸಮಾಧಾನವನ್ನು ಮಾತ್ರ ನಮಗೆ ಹೇಳಬೇಡಿರಿ. ಹಸಿದವನಿಗೆ ಮುಂದಿನ ವರ್ಷದ ಸುಗ್ಗಿಯನ್ನು ತೋರಿಸಿದಂತೆ ಅದು.

ಇದಕ್ಕೆಲ್ಲ ಹೊಸ ಶಾಸನವೇ ಆಗಬೇಕೆಂದೂ ಇಲ್ಲ. ೧೮೬೧ರಲ್ಲಿ ಹೈಕೋರ್ಟುಗಳನ್ನು ಸ್ಥಾಪಿಸಿದ ಕಾಯದೆಯೇ ಕೆಳಗಿನ ಕೋರ್ಟುಗಳ ಕಾರಕೂನರಿಗೂ ಅಧಿಕಾರಿಗಳಿಗೂ ಸಲ್ಲಬೇಕಾದ ಫೀಯ ಯಾದಿಯನ್ನು ಗೊತ್ತುಮಾಡುವ ಅಧಿಕಾರವನ್ನು ಹೈಕೋರ್ಟಿಗೆ ಕೊಟ್ಟಿತ್ತು. ಸ್ವತಂತ್ರ ಭಾರತದ ರಾಜ್ಯಘಟನೆಯು ೨೨೭ನೆಯ ಕಲಮಿನ ಮೂರನೆಯ ಉಪಕಲಮಿನಲ್ಲಿ ಆ ಅಧಿಕಾರವನ್ನು ಉಳಿಸಿಕೊಂಡಿದೆ. ರಾಜ್ಯಪಾಲರ ಪೂರ್ವಸಮ್ಮತಿಯೊಂದು ಬೇಕು. ಸ್ಟಾಂಪಿನ ಭಾಗವು ರಾಜ್ಯದ ೧೯೫೮ರ ಕೋರ್ಟು ಫೀ ಕಾಯದೆಗೆ ಸೇರಿದ್ದು. ಅದನ್ನು ಬಿಟ್ಟುಕೊಡುವದು ರಾಜ್ಯ ಸರಕಾರದ ಕೈಯಲ್ಲಿದೆ. ಮತ್ತು ವೇಳೆಯ ಪ್ರಶ್ನೆ: ೨೦೧೧ರ ‘ಸಕಾಲ’ ಕಾಯದೆಯಿಂದ ಸರಕಾರದ ಕಚೇರಿಗಳು ಗೊತ್ತಾದ ದಿನದೊಳಗೆ ಕೆಲಸ ಮಾಡಿಕೊಡದಿದ್ದರೆ ದಿನಕ್ಕೆ ೨೦ ರೂಪಾಯಿಯಂತೆ, ೫೦೦ ರೂಪಾಯಿಗೆ ಮೀರದಂತೆ ಅರ್ಜಿದಾರನಿಗೆ ಪರಿಹಾರ ಕೊಡಬೇಕಾಯಿತು. ಮೊತ್ತ ಸಣ್ಣದು, ಆದರೆ ತಡಕ್ಕೆ ಬೆಲೆಯನ್ನು ಕಚೇರಿಯೇ ತೆರಬೇಕೆಂಬ ತತ್ವ ದೊಡ್ಡದು. ಈ ತತ್ವವನ್ನು ಹೈಕೋರ್ಟು ತನ್ನ ನಿಯಮಗಳಿಂದಲೇ ನಕಲು ಶಾಖೆಗಳಿಗೆ ಅನ್ವಯಿಸಿದರೆ ಅದರ ಸ್ವಾತಂತ್ರ್ಯಕ್ಕೆ ಯಾವ ಕುಂದೂ ಬಾರದು.

ಭಾಷೆಯ ಮಾತಿಗೆ ಬರುವೆವೆಂದು ಮೇಲೆ ಹೇಳಿದ್ದೆವು. ೧೯೫೬ರ ನವೆಂಬರ ೧ಕ್ಕಿಂತ ಮುಂಚೆ ನಮ್ಮ ಇಟಗಿಯು ಮುಂಬಯಿಯ ಆಳ್ವಿಕೆಯಲ್ಲಿತ್ತು. ಅಪೀಲು ಹೈಕೋರ್ಟಿಗೆ ಹೋದರೆ ಕಾಗದಗಳು ಮುಂಬಯಿಗೆ ಹೋಗುತ್ತಿದ್ದವು, ಬರುವಾಗ ಇಂಗ್ಲೀಷಿನಲ್ಲಿ ಬರುತ್ತಿದ್ದವು. ಕುಕನೂರಿನ ಆ ಇನ್ನೊಂದು ಇಟಗಿಯು ನಿಜಾಮರ ಸಂಸ್ಥಾನದಲ್ಲಿ, ಸಾಲಾರಜಂಗರ ಜಹಗೀರಿಯ ಸೀಮೆಯಲ್ಲಿತ್ತು. ಅಲ್ಲಿಯ ಕೋರ್ಟುಗಳ ಭಾಷೆ ಉರ್ದು. ಒಂದೇ ಹೆಸರಿನ ಎರಡು ಕನ್ನಡ ಊರುಗಳು. ಎರಡರಲ್ಲಿಯೂ ಒಕ್ಕಲಿಗನು ಹಣ ಕೊಟ್ಟು ತಂದ ನಕಲನ್ನು ಮತ್ತೊಮ್ಮೆ ಹಣ ಕೊಟ್ಟು ಓದಿಸಿಕೊಳ್ಳಬೇಕಾಗಿತ್ತು. ಒಂಬೈನೂರು ವರ್ಷಗಳ ಹಿಂದೆ ಅದೇ ಇಟಗಿಯಲ್ಲಿ ದಾನದ ವಿವರವನ್ನು ಕಲ್ಲಿನ ಮೇಲೆ ಕನ್ನಡದಲ್ಲಿ ಕೊರೆದು ಗುಡಿಯ ಬಳಿ ನಿಲ್ಲಿಸಿದ್ದರು. ಅಕ್ಕಾದೇವಿಯು ಆಳಿದ ನಮ್ಮ ಸೂಡಿಯಲ್ಲಿಯೂ ಹಾಗೆಯೇ. ಓದಬಲ್ಲವನು ನಿಂತು ಓದಬಹುದಾಗಿತ್ತು, ಸ್ಟಾಂಪು ಬೇಕಾಗಿರಲಿಲ್ಲ. ಏಕೀಕರಣವಾದ ಮೇಲೆ ಎರಡು ಇಟಗಿಗಳೂ ಒಂದೇ ಹೈಕೋರ್ಟಿನ ಕೆಳಗೆ ಬಂದವು, ೨೦೦೮ರಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠವಾಯಿತು, ೨೦೧೩ರಲ್ಲಿ ಅದು ಕಾಯಂ ಆಯಿತು, ದಾರಿ ಹತ್ತಿರವಾಯಿತು. ರಾಜ್ಯಘಟನೆಯ ೩೪೮ನೆಯ ಕಲಮಿನಂತೆ ಹೈಕೋರ್ಟಿನ ತೀರ್ಪು ಮಾತ್ರ ಇಂಗ್ಲೀಷಿನಲ್ಲಿಯೇ ಇದೆ.

ಸುಪ್ರೀಮ ಕೋರ್ಟು ೨೦೧೯ರಿಂದ ಯಂತ್ರದ ಸಹಾಯದಿಂದ ತನ್ನ ತೀರ್ಪುಗಳನ್ನು ದೇಶಭಾಷೆಗಳಿಗೆ ತರಿಸುತ್ತ ಬಂದಿದೆ. ೨೦೨೩ರ ಜನವರಿಯಿಂದ ತನ್ನ ತೀರ್ಪುಗಳ ಸಂಗ್ರಹವನ್ನು ಯಾರು ಬೇಕಾದರೂ ಪುಕ್ಕಟೆ ಓದುವಂತೆ ತೆರೆದಿಟ್ಟಿದೆ. ಅದೇ ವರ್ಷ ಫೆಬ್ರುವರಿಯಲ್ಲಿ ಘಟನಾಪೀಠದ ವಾದಗಳನ್ನು ಯಂತ್ರದಿಂದ ಬರೆಸಿ ಪುಕ್ಕಟೆ ಪ್ರಕಟಿಸುವ ಕ್ರಮವನ್ನೂ ಆರಂಭಿಸಿತು. ದಿಲ್ಲಿಯ ವಕೀಲರು ಆಡಿದ ಒಂದೊಂದು ಮಾತೂ ಪುಕ್ಕಟೆ ಸಿಗುವ ಕಾಲದಲ್ಲಿ ಇಟಗಿಯ ಸಾಕ್ಷಿ ಆಡಿದ ಮಾತಿಗೆ ಹಾಳೆಗಿಷ್ಟು ಎನ್ನುವದು ಸೋಜಿಗವಲ್ಲವೆ? ಇಂಗ್ಲೀಷು ತೀರ್ಪಿನ ಸಂಗಡ ಅದರ ಕನ್ನಡ ಸಾರವನ್ನಾದರೂ ಪಕ್ಷಗಾರನಿಗೆ ಬೇರೆ ಹಣವಿಲ್ಲದೆ ಕೊಡಬೇಕು. ಗಡಿಯಾಚೆಯ ನಮ್ಮ ಕಾಸರಗೋಡಿನವರ ಪಾಡು ಇನ್ನೂ ಬೇರೆ. ಸರಕಾರದ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಿ ಕನ್ನಡದಲ್ಲಿಯೇ ಉತ್ತರ ಪಡೆಯುವ ಹಕ್ಕನ್ನು ಕೇರಳದ ೧೯೬೯ರ ಭಾಷಾ ಕಾಯದೆಯು ಅವರಿಗೆ ಕೊಟ್ಟಿದೆ. ಅದನ್ನು ಕೋರ್ಟಿನ ನಕಲಿಗೂ ವಿಸ್ತರಿಸಬೇಕೆಂದು ಕೇಳುವದರಲ್ಲಿ ಅತಿಯಾದದ್ದೇನೂ ಇಲ್ಲ.

ಈ ಬದಲಾವಣೆಗಳು ಬರುವವರೆಗೆ ನಮ್ಮ ಓದುಗರು, ವಿಶೇಷವಾಗಿ ಹಳ್ಳಿಗಳಲ್ಲಿರುವ ಶಿಕ್ಷಕ ಮಹನೀಯರು ಮಾಡಬಹುದಾದ ಕೆಲಸವೂ ಉಂಟು. ತೀರ್ಪು ಹೇಳಿದ ದಿನವೇ, ಡಿಕ್ರಿ ಆಗುವವರೆಗೆ ಕಾಯದೆ, ನಕಲಿನ ಅರ್ಜಿಯನ್ನು ಕೊಟ್ಟುಬಿಡಬೇಕೆಂದು ಪಕ್ಷಗಾರರಿಗೆ ತಿಳಿಸಿ ಹೇಳಿರಿ. ಕೊಟ್ಟ ಹಣಕ್ಕೆ ಪಾವತಿಯನ್ನು ಕೇಳಿ ಪಡೆಯಹೇಳಿರಿ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಜನಾಂಗಗಳವರು, ಅಂಗವಿಕಲರು, ಸೆರೆಯಲ್ಲಿದ್ದವರು ೧೯೮೭ರ ಕಾನೂನು ನೆರವಿನ ಕಾಯದೆಯಂತೆ ವರಮಾನದ ಲೆಕ್ಕವಿಲ್ಲದೆ ನೆರವಿಗೆ ಅರ್ಹರು. ಆ ನೆರವಿನಲ್ಲಿ ನಕಲುಗಳನ್ನು ತೆಗೆಸಿಕೊಡುವದೂ ಸೇರಿದೆ. ಪೋಟಗಿಯ ಖಟ್ಲೆ ನಡೆಸುವ ಎಷ್ಟು ತಾಯಂದಿರಿಗೆ ಈ ಮಾತು ಗೊತ್ತು? ಇನ್ನು, ನಕಲು ಕೈಗೆ ಬಂದ ಮೇಲೆ ಅದರ ಹಿಂದೆ ಮೂರು ತಾರೀಖುಗಳನ್ನು ನೋಡಿರಿ: ಅರ್ಜಿ ಕೊಟ್ಟದ್ದು, ನಕಲು ಸಿದ್ಧವಾದದ್ದು, ಕೈಗೆ ಕೊಟ್ಟದ್ದು. ಆ ತಾರೀಖುಗಳನ್ನೂ, ಪಾವತಿಯ ಮೇಲಿನ ಮೊತ್ತವನ್ನೂ, ಎಷ್ಟು ಸಲ ತಾಲೂಕಿನ ಊರಿಗೆ ಹೋಗಿಬರಬೇಕಾಯಿತೆಂಬದನ್ನೂ ಒಂದು ಕಾಗದದಲ್ಲಿ ಬರೆದು ನಮ್ಮ ಕಚೇರಿಗೆ ಕಳಿಸಬೇಕೆಂದು ಕೋರುತ್ತೇವೆ. ಪಕ್ಷಗಾರರ ಹೆಸರು, ಊರುಗಳನ್ನು ಮರೆಮಾಡಿ, ಬಂದ ಅಂಕಿಗಳನ್ನಷ್ಟೇ ತಿಂಗಳಿಗೊಮ್ಮೆ ಈ ಪುಟದಲ್ಲಿ ಅಚ್ಚು ಹಾಕಿ, ಒಂದು ಪ್ರತಿಯನ್ನು ಹೈಕೋರ್ಟಿನ ರಜಿಸ್ಟ್ರಾರರಿಗೆ ಕಳಿಸಿಕೊಡುವೆವು.